ಸಂಡೂರಿನಿಂದ ಕಂಪ್ಲಿಗೆ, ಒಬ್ಬಳೇ

ಸಂಜೆ ಐದೂವರೆಗೆ ಸಂಡೂರು ಬಸ್ ನಿಲ್ದಾಣದಲ್ಲಿ ಬೆನ್ನಿಗೆ ಬ್ಯಾಗು ಬಿಗಿಯುತ್ತಿದ್ದ ಶೈಲಶ್ರೀಯ ಎದುರು ಸಿದ್ದಲಿಂಗೇಶ್ ಬೈಕು ನಿಲ್ಲಿಸಿದ.

“ಊರು ಬಿಟ್ಟು ಹೊಂಟ್ರೇನ್ರಿ? ನಾ ಕೇಳಿದ್ದು ತಪ್ಪಾಗಿದ್ರ ಹೇಳ್ರಿ, ಬಸ್ ರೂಟ್ ಬದಲಿ ಮಾಡಿಸ್ಕೊಂತೀನಿ.”

ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟ್ ಬಸ್ ಓಡಿಸುವವನು ಅವನು. ಅಲ್ಲಿನ ಲ್ಯಾಬಿಗೆ ಹೋಗಲು ಎರಡು ವರ್ಷದಿಂದ ಹೊಸಪೇಟೆಯಲ್ಲಿ ಅದೇ ಬಸ್ಸು ಹತ್ತುವವಳು ಅವಳು. ಮೂರು ವಾರದ ಹಿಂದೆ ಅವನು ಮದುವೆಯ ಮಾತೆತ್ತಿದ್ದ. ಅವಳು ಉತ್ತರ ಕೊಟ್ಟಿರಲಿಲ್ಲ. ಇವತ್ತು ಅವಳು ಬ್ಯಾಗು ಹಿಡಿದು ಸಂಡೂರಿನ ಬಸ್ಸು ಹತ್ತಿದ್ದನ್ನು ಕಂಡು ಗಾಬರಿಯಾಗಿ ಬೆನ್ನು ಹತ್ತಿದ್ದ.

“ಓಡಾಕ ಬಂದೀನ್ರಿ,” ಎಂದಳು. “ಇಲ್ಲಿಂದ ಗುಡ್ಡದ ದಾರಿ ಹಿಡಿದು ಹೊಸಪೇಟೆ, ಹಂಪಿ, ಆಮ್ಯಾಲೆ ಕಂಪ್ಲಿ. ಬೆಳಗಾಗೋದ್ರಾಗ ಮುಟ್ಟಬೇಕು.”

“ಒಬ್ರೇನಾ? ನಾ ಬೈಕ್ ಮ್ಯಾಲೆ ಹಿಂದ ಬರ್ತೀನ್ರಿ.”

“ಬ್ಯಾಡ್ರಿ. ಯಾರ ಸಹಾಯನೂ ತಗೊಳ್ಳಂಗಿಲ್ಲ. ನೀರು, ಶೇಂಗಾ ಹೋಳಿಗಿ, ಟಾರ್ಚ್ ಎಲ್ಲಾ ನಾನೇ ಹೊತ್ಕೊಂಡೀನಿ.”

“ಯಾಕ್ರಿ ಇಷ್ಟು ಕಷ್ಟ?”

ಅವಳು ಲೇಸು ಬಿಗಿದಳು. “ಅವ್ವ ಹೋಗಿ ಹದಿನಾಲ್ಕು ತಿಂಗಳಾತು. ಒಮ್ಮೆನೂ ಅಳು ಬಂದಿಲ್ಲ. ನಗುನೂ ಇಲ್ಲ. ನೀವು ಕೇಳಿದಾಗ್ಲೂ ಏನೂ ಅನ್ನಿಸ್ಲಿಲ್ರಿ. ಹಂಗ ಹ್ಞೂಂ ಅಂದ್ರ ನಿಮಗ ಮೋಸ ಆಗ್ತೈತಿ. ಇಷ್ಟು ಓಡಿದ್ರಾದ್ರೂ ಏನಾರ ಅನ್ನಿಸ್ತೈತೇನೋ ನೋಡ್ತೀನಿ.”

ಅವನು ಬೈಕು ತಿರುಗಿಸಿದ. “ಕಂಪ್ಲಿ ಸೇತುವೆ ಹತ್ರ ಇರ್ತೀನಿ. ಏನೂ ಕೊಡಂಗಿಲ್ಲ. ಸುಮ್ನ ಇರ್ತೀನಿ.”

ಕತ್ತಲಾಯಿತು. ಅದಿರಿನ ಕೆಂಪು ಧೂಳು ಅವಳ ಬೂಟಿಗೆ ಮೆತ್ತಿತು. ಹೆಜ್ಜೆ ಬೀಳುತ್ತಿತ್ತು, ಉಸಿರು ಬರುತ್ತಿತ್ತು. ಎರಡೂ ಬೇರೆ ಯಾರದೋ ಎನ್ನುವ ಹಾಗೆ.

ಒಂಬತ್ತರ ಸುಮಾರಿಗೆ ಇಳಿಜಾರಿನ ತಿರುವಿನಲ್ಲಿ ಟಾರ್ಚಿನ ಬೆಳಕಿಗೆ ಎರಡು ಕಣ್ಣು ಹೊಳೆದವು. ಕರಡಿ. ಬೆನ್ನ ಮೇಲೆ ಮರಿ. ಇಪ್ಪತ್ತು ಹೆಜ್ಜೆ ದೂರ ಇದ್ದೀತು. ಅದು ಮೂತಿ ಎತ್ತಿ ಗಾಳಿ ಮೂಸಿತು.

ಶೈಲಶ್ರೀ ಓಡಲಿಲ್ಲ, ಕೂಗಲಿಲ್ಲ. ಹೆದರಿಕೆಯೂ ಬರಲಿಲ್ಲ. ಒಂದೇ ಒಂದು ಯೋಚನೆ ಬಂತು: ಇದನ್ನು ಸಿದ್ದಲಿಂಗೇಶರಿಗೆ ಹೇಳಬೇಕು.

ಹೇಳಬೇಕೆಂದರೆ ಬದುಕಬೇಕು. ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಕರಡಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ದಾರಿ ದಾಟಿ ಕುರುಚಲಿಗೆ ಇಳಿದುಹೋಯಿತು.

ಮಧ್ಯರಾತ್ರಿ ಹೊಸಪೇಟೆಯ ಬೀದಿ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಂಡಳು. ಹಂಪಿ ಬಜಾರಿನ ಕಲ್ಲು ಮಂಟಪಗಳ ಹತ್ತಿರ ಒಂದು ನಾಯಿ ಬೊಗಳಿ ಸುಮ್ಮನಾಯಿತು. ಕಮಲಾಪುರ ದಾಟಿದ ಮೇಲೆ ಬಾಳೆತೋಟಗಳ ನಡುವೆ ಎರಡು ಸಲ ವಾಂತಿ ಮಾಡಿಕೊಂಡಳು. ಆಮೇಲೆ ಓಡಲಾಗಲಿಲ್ಲ, ನಡೆದಳು.

ಏಳೂವರೆಗೆ ಕಂಪ್ಲಿ ಸೇತುವೆ ಕಂಡಿತು. ಕಟ್ಟೆಯ ಮೇಲಿದ್ದ ಸಿದ್ದಲಿಂಗೇಶ್ ಎದ್ದ. ಮಾತು ಕೊಟ್ಟಂತೆ ಅವನ ಕೈ ಖಾಲಿ ಇತ್ತು.

“ಕರಡಿ ಸಿಕ್ಕಿತ್ರಿ,” ಎಂದು ಅವನ ಪಕ್ಕದಲ್ಲೇ ಕುಸಿದು ಕೂತು ಎಲ್ಲ ಹೇಳಿದಳು.

“ಹುಚ್ಚಿ ಏನ್ರಿ ನೀವು? ಏನಾರ ಆಗಿದ್ರ...” ಅವನು ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ಅವಳ ಮುಂದೆ ಬಂದು ನಿಂತ.

“ಈಗ್ಲೂ ನನಗ ಭಾಳ ಏನೂ ಅನ್ನಿಸ್ತಿಲ್ರಿ. ಆದ್ರ ಅದರ ಮುಂದ ನಿಂತಾಗ ನಿಮಗ ಹೇಳ್ಬೇಕು ಅನ್ನಿಸ್ತು. ನನ್ಹತ್ರ ಇರೋದು ಅಷ್ಟ. ಸಾಕೇನ್ರಿ?”

“ಸಾಕ್ರಿ,” ಎಂದ ಅವನು. “ಇನ್ನ ಮುಗೀತಲ್ಲ? ಈಗ ಸಹಾಯ ಮಾಡ್ಬಹುದಾ?”

ಅವಳು ಹ್ಞೂಂ ಎಂದು ತಲೆಯಾಡಿಸಿದಳು. ಅವನು ಕೆಳಗೆ ಕೂತು ಅವಳ ಬೂಟು ಬಿಚ್ಚಿದ. ಊದಿದ ಹಿಮ್ಮಡಿಗೆ ಕಾಲುಚೀಲ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದ.

“ಅವ್ವಾ! ನೋಯ್ತೈತ್ರಿ!” ಎಂದು ಚೀರಿದವಳು ಹಾಗೇ ಅಳತೊಡಗಿದಳು.

ಅವನು ಗಾಬರಿಯಾಗಿ ಕೈ ತೆಗೆದ.

“ಬಿಡಬ್ಯಾಡ್ರಿ,” ಎಂದಳು, ಅವನ ಭುಜ ಹಿಡಿದು.