ಬರುವವಳಿಗೆ ಮಡಿಲಕ್ಕಿ

“ಅದ ತಕೋಬ್ಯಾಡ ಕಣವ್ವ,” ಎಂದು ಪಕ್ಕದ ಮನೆಯ ಪುಟ್ಟತಾಯಮ್ಮ ಗೇಟಿನಾಚೆಯಿಂದಲೇ ಹೇಳಿದಳು. ಮುದುಕಿಯ ಕೈಯಲ್ಲಿ ಹಾಲಿನ ಕ್ಯಾನಿತ್ತು. “ಮಡಿಲಕ್ಕಿ ಅನ್ನೋದು ಮನೆ ಬುಟ್ಟು ಹೋಗೋ ಹೆಣ್ಮಗಳಿಗೆ ಕಟ್ಟೋದು. ಹೋಗೋಳು ಬರೋಳಿಗೆ ಕಟ್ಟೋದ ನಾನೆಲ್ಲೂ ಕಂಡಿಲ್ಲ.”

ರಂಜಿತ ನಕ್ಕುಬಿಟ್ಟಳು. ಅವಳು ಹುಟ್ಟಿ ಬೆಳೆದದ್ದು ಮಸ್ಕತ್ತಿನಲ್ಲಿ. ಗಂಡ ದಿಲೀಪ ಅಲ್ಲಿಯ ಕೆಲಸ ಬಿಟ್ಟು ಪಾಂಡವಪುರದಲ್ಲಿ ಬೆಲ್ಲದ ಪುಡಿ ರಫ್ತು ಮಾಡುವ ಘಟಕ ಹಾಕುತ್ತೇನೆಂದಾಗ, ಅಲ್ಲಿಯ ಗೆಳತಿಯರೆಲ್ಲ ‘ಊರಿಗೆ ವಾಪಸ್ಸಾ’ ಎಂದು ಕೇಳಿದರು. ಅವಳಿಗೆ ಮಾತ್ರ ಅದು ಪರದೇಶಕ್ಕೆ ಹೊರಟಂತೆಯೇ ಇತ್ತು. ಫೋನಿನಲ್ಲಿ ಚಿತ್ರ ನೋಡಿ ಈ ಮನೆಯನ್ನು ಆರಿಸಿದವಳು ಅವಳೇ. ನಾಲೆಯ ಪಕ್ಕದ ಹೊಸ ಬಡಾವಣೆ, ಸುತ್ತ ಕಬ್ಬಿನ ಗದ್ದೆ. ಮೆಟ್ಟಿಲಿಗೆ ಗಾಜಿನ ಕಟಕಟೆ, ಮಾಡ್ಯುಲರ್ ಅಡುಗೆಮನೆ, ಅದರ ಹಿಂದೆ ವಾಷಿಂಗ್ ಮಶೀನಿಡುವ ಯುಟಿಲಿಟಿ, ಐದು ವರ್ಷದ ಕಿಶನ್‌ಗೆಂದೇ ಮಹಡಿಯಲ್ಲೊಂದು ಕೋಣೆ.

“ಅಕ್ಕಿ ಅಕ್ಕೀನೇ ಅಲ್ವಾ ಅಜ್ಜಿ,” ಎಂದು ಅವಳು ವೇಲನ್ನು ಮಡಿಲಿಗೆ ಹರಡಿಕೊಂಡು ಕೂತಳು.

ಮನೆ ಮಾರಿದ ರಮ್ಯ ತಲೆ ಎತ್ತಲಿಲ್ಲ. ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದಳು. ಅದರ ಮೇಲೆ ಬೆಲ್ಲದಚ್ಚು, ಕೊಬ್ಬರಿ, ವೀಳ್ಯದೆಲೆ, ಹಸಿರು ರವಿಕೆ ಕಣ. ಅಕ್ಕಿ ತಣ್ಣಗಿತ್ತು, ಬಾವಿಯ ತಳದಿಂದ ತೆಗೆದಂತೆ. ಅರಿಶಿನದ ಘಮದ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು: ಬಟ್ಟೆಗೆ ಅಂಟಿ ಹುಳಿತ ಮೊಲೆಹಾಲಿನದು. ಕೊನೆಯ ಬೊಗಸೆ ಬಿದ್ದ ಕ್ಷಣ, ಹೊರಗೆ ಕಾರಿನಲ್ಲಿ ಕೂತಿದ್ದ ರಮ್ಯಳ ಪುಟ್ಟ ಮಗಳು ‘ಅಮ್ಮಾ’ ಎಂದು ಕೂಗಿದಳು. ಬೆಳಗಿನಿಂದ ಆ ಮಗು ತಾಯಿಯತ್ತ ಒಮ್ಮೆಯೂ ನೋಡಿರಲಿಲ್ಲ. ರಮ್ಯ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದಳು.

ಒಂದಿಷ್ಟು ಅಕ್ಕಿಯಲ್ಲಿ ರಂಜಿತ ಪಾಯಸ ಮಾಡಿದಳು. ಕಿಶನ್ ಕೇಳಿ ಹಾಕಿಸಿಕೊಂಡು ತಿಂದ. ಉಳಿದದ್ದನ್ನು ಅದೇ ರವಿಕೆ ಕಣದಲ್ಲಿ ಗಂಟು ಕಟ್ಟಿ ಕಪಾಟಿನಲ್ಲಿಟ್ಟಳು.

ಆ ವಾರವೇ ಸದ್ದು ಶುರುವಾಯಿತು. ಮುಸ್ಸಂಜೆಯಾದರೆ ಸಾಕು, ಯುಟಿಲಿಟಿಯಲ್ಲಿ ಯಾರೋ ಮೊರದಲ್ಲಿ ಅಕ್ಕಿ ಕೇರುವ ಸದ್ದು. ಸರ್, ಸರ್. ಹೋಗಿ ನೋಡಿದರೆ ಮಶೀನು, ಒಣಗಲು ಹಾಕಿದ ಬಟ್ಟೆ, ಮತ್ತದೇ ಹುಳಿ ವಾಸನೆ. ಮೋರಿ ಕಟ್ಟಿದೆಯೆಂದು ಪ್ಲಂಬರನ್ನು ಕರೆಸಿದಳು. ಅವನು ಪೈಪು ಬಿಚ್ಚಿ ನೋಡಿ, ಏನೂ ಇಲ್ಲವೆಂದು ಹೊರಟುಹೋದ.

ಕಿಶನ್ ಅವಳ ಮುಖ ನೋಡುವುದನ್ನು ಬಿಟ್ಟ. ತುತ್ತು ಕೊಡುವಾಗ ಅವಳ ಭುಜದಾಚೆ ಯಾರನ್ನೋ ನೋಡಿ ನಗುತ್ತಿದ್ದ. ಊರು ಬದಲಾದ ಮಕ್ಕಳಿಗೆ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ದಿಲೀಪನಿಗೂ ಅದೇ ಸರಿಯೆನಿಸಿತು. ಮಗುವನ್ನು ಇಲ್ಲಿಗೆ ಎಳೆದು ತಂದು ತಪ್ಪು ಮಾಡಿದೆನೇ ಎಂದು ರಂಜಿತ ಒಳಗೊಳಗೇ ಸವೆದಳು.

ಒಂದು ಸಂಜೆ ಕರೆಂಟು ಹೋಯಿತು. ಗದ್ದೆಯ ಕತ್ತಲು ಬಂದು ಕಿಟಕಿಯ ಗಾಜಿಗೆ ಅಂಟಿಕೊಂಡಿತು. ಸರ್, ಸರ್. ಕಿಶನ್ ಕೋಣೆಯಲ್ಲಿರಲಿಲ್ಲ. ಮೆಟ್ಟಿಲನ್ನು ತಡವಿಕೊಂಡು ಇಳಿದಳು. ಯುಟಿಲಿಟಿಯ ಬಾಗಿಲು ತೆರೆದಿತ್ತು. ಮಗು ಅಲ್ಲಿ ನಿಂತಿತ್ತು. ಎರಡೂ ತೋಳಿನಿಂದ ಯಾರದೋ ಸೊಂಟವನ್ನು ತಬ್ಬಿತ್ತು. ಅಲ್ಲಿ ಯಾರೂ ಇರಲಿಲ್ಲ. ಅವನ ಕೂದಲು ಮಾತ್ರ ಅಲುಗುತ್ತಿತ್ತು. ಯಾರೋ ನೇವರಿಸಿದಂತೆ.

“ಕಿಶನ್, ಬಾ ಪುಟ್ಟ. ಅಮ್ಮ ಬಂದಿದ್ದೀನಿ.”

ಅವನು ತಿರುಗಿದ. “ನೀನ್ಯಾರು?” ಎಂದ. “ನಮ್ಮವ್ವ ಇಲ್ಲೇ ಅವ್ಳೆ.”

ಮಸ್ಕತ್ತಿನಲ್ಲಿ ಹುಟ್ಟಿದ ಮಗುವಿಗೆ ಈ ಸೀಮೆಯ ಮಾತು ಬರುತ್ತಿರಲಿಲ್ಲ.

ಬೆಳಗಾಗುತ್ತಲೇ ಅವಳು ಪುಟ್ಟತಾಯಮ್ಮನ ಕೊಟ್ಟಿಗೆಗೆ ಓಡಿದಳು. ಮುದುಕಿ ಹಾಲು ಕರೆಯುವುದನ್ನು ನಿಲ್ಲಿಸದೆಯೇ ಎಲ್ಲ ಹೇಳಿದಳು. ಮನೆ ಕಟ್ಟಿದ ಜಾಗ ರಮ್ಯಳ ನಾದಿನಿಯ ಪಾಲಿನದು; ಅವಳಿಗೆ ಕೊಡದೆ ಕಟ್ಟಿಕೊಂಡಿದ್ದರು. ಒಕ್ಕಲಾದ ದಿನ ಆ ಹೆಣ್ಣು ಹಸುಗೂಸನ್ನು ಎತ್ತಿಕೊಂಡು ಬಂದಿದ್ದಳು. ಜಾಗ ಹೋದರೆ ಹೋಗಲಿ, ಮನೆಮಗಳೆಂದು ಒಂದು ಮಡಿಲಕ್ಕಿ ಕಟ್ಟಿ ಕಳಿಸಿ ಎಂದು ಕೇಳಿದ್ದಳು. ಗೇಟಿನಿಂದಲೇ ಓಡಿಸಿದರು. ಆ ಕೂಸು ಜ್ವರ ಬಂದು ತೀರಿಕೊಂಡಿತು. ಅವಳು ನಾಗಮಂಗಲದ ಕಡೆ ಎಲ್ಲೋ ಮಾಟ ಮಾಡಿಸಿ, ಮಂತ್ರಿಸಿದ ಅಕ್ಕಿಯನ್ನು ತಂದು ಗುಟ್ಟಾಗಿ ಈ ಮನೆಯ ಅಕ್ಕಿಗೆ ಬೆರೆಸಿದಳು. ಆಮೇಲೆ ನಾಲೆಗೆ ಹಾರಿದಳು.

“ಅವಳ್ಗೆ ಕೂಸು ಬೇಕು, ಅಷ್ಟೇಯ,” ಎಂದಳು ಮುದುಕಿ. “ಆ ಅಕ್ಕಿ ಯಾರ ಮಡಿಲಲ್ಲಿ ಅದೆಯೋ ಅವರ ಕೂಸು. ರಮ್ಯ ನಿನ್ಗೆ ಕಟ್ಟಿ ಗೆದ್ಕಂಡ್ಲು. ನೀನೂ ಯಾರಿಗಾರ ಕಟ್ಟು. ತಕ್ಕೊಳೋಳು ಕುಸಿಯಾಗಿ ತಕ್ಕೋಬೇಕು.”

“ಯಾರಿಗೆ ಕಟ್ಟಲಿ?”

“ಅದ ನನ್ನ ಕೇಳಬ್ಯಾಡ. ನನ್ಗೂ ಮೊಮ್ಮಕ್ಕಳವೆ.”

ಖುಷಿಯಾಗಿ ತೆಗೆದುಕೊಳ್ಳುವವಳು ಒಬ್ಬಳಿದ್ದಳು. ಆ ಹೆಸರು ಅಲ್ಲೇ, ಸಗಣಿಯ ವಾಸನೆಯ ನಡುವೆಯೇ ಹೊಳೆಯಿತು. ಹೊಳೆದದ್ದಕ್ಕೆ ರಂಜಿತಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ದಿಲೀಪನ ತಂಗಿ ಶ್ವೇತ, ಬೂಕನಕೆರೆಗೆ ಕೊಟ್ಟ ಹೆಣ್ಣು. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರೆಂಬುದೇ ಇರಲಿಲ್ಲ. ಅಣ್ಣ ಇಷ್ಟು ಹತ್ತಿರ ಬಂದರೂ ಕರೆಯಲಿಲ್ಲವೆಂದು, ನಾದಿನಿಗೂ ವೀಸಾ ಬೇಕೇನೋ ಎಂದು, ಫೋನಿನಲ್ಲಿ ನಗುನಗುತ್ತಲೇ ಚುಚ್ಚುತ್ತಿದ್ದಳು. ಅವಳಿಗೊಂದು ಎರಡು ವರ್ಷದ ಹೆಣ್ಣು ಮಗು.

ರಂಜಿತ ನಂಬರು ಒತ್ತಿ ಕಡಿದಳು. ಬೆನ್ನ ಹಿಂದೆ ಕಿಶನ್ ಖಾಲಿ ಗೋಡೆಗೆ ‘ಅವ್ವಾ’ ಅನ್ನುತ್ತಿದ್ದ. ಮತ್ತೆ ಒತ್ತಿದಳು. ಭಾನುವಾರ ಬಾ, ಮಡಿಲಕ್ಕಿ ಕಟ್ಟುತ್ತೇನೆ ಎಂದಳು. ಆ ಕಡೆ ಶ್ವೇತ ಅಳುತ್ತಿದ್ದಳು.

ಭಾನುವಾರ ಶ್ವೇತ ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಬಸ್ಸಿನಲ್ಲಿ ಬಂದಳು. ದಿಲೀಪ ಸಿಹಿ ತರಲು ಪೇಟೆಗೆ ಹೋದ. ಅವಳು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೂರ್ವಕ್ಕೆ ಮುಖ ಮಾಡಿ, ಸೆರಗೊಡ್ಡಿದಳು.

ರಂಜಿತ ಗಂಟು ಬಿಚ್ಚಿದಳು. ಬೆರಳು ಮರಗಟ್ಟುವಷ್ಟು ತಣ್ಣಗಿನ ಅಕ್ಕಿ. ಹೇಳಿಬಿಡಬಹುದಿತ್ತು. ಈಗಲೂ ಹೇಳಬಹುದಿತ್ತು.

“ಯಾಕತ್ತಿಗೆ, ಹಂಗೇ ನಿಂತ್ಬುಟ್ರಿ,” ಎಂದಳು ಶ್ವೇತ. “ನೀವ್ ಅಳಬ್ಯಾಡಿ, ನಾನೊಬ್ಳು ಅತ್ತಿದ್ದು ಸಾಕು.”

ರಂಜಿತ ಸುರಿದಳು. ಕೊನೆಯ ಬೊಗಸೆಯವರೆಗೂ ಸುರಿದಳು.

“ಅಮ್ಮಾ,” ಮಹಡಿಯಿಂದ ಕಿಶನ್ ಕೂಗಿದ. “ಅಮ್ಮಾ, ಎಲ್ಲಿದ್ದೀಯಾ?”

ಅವನದೇ ದನಿ. ಅವನದೇ ಮಾತು. ರಂಜಿತ ಮೆಟ್ಟಿಲ ಕಡೆ ತಿರುಗಿದಳು. ಆಗಲೇ ಶ್ವೇತಳ ಮಗು ನಿಧಾನವಾಗಿ ಕತ್ತು ಹೊರಳಿಸಿತು. ಯುಟಿಲಿಟಿಯ ಕಡೆಗೆ. ಯಾರನ್ನೋ ನೋಡಿ ನಕ್ಕಿತು. ರಂಜಿತ ಅದನ್ನು ಕಂಡಳು.

ಶ್ವೇತ ಸೆರಗನ್ನು ಹಿಡಿದುಕೊಂಡೇ ಎದ್ದಳು. ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು, ಅಡುಗೆಮನೆಗೆ ಹೋಗಿ, ಅಕ್ಕಿ ಡ್ರಮ್ಮಿನ ಮುಚ್ಚಳ ಎತ್ತಿದಳು.

“ಏನ್ ಮಾಡ್ತಿದ್ದೀಯ?”

“ತವರ್ಗೆ ಒಂದಿಡಿ ವಾಪಸ್ ಹಾಕ್ಬೇಕು ಅತ್ತಿಗೆ, ನಿಮ್ಗೆ ಗೊತ್ತಿಲ್ವಾ? ಎಲ್ಲಾನೂ ಬಾಚ್ಕಂಡೋದ್ರೆ ಅಣ್ಣನ ಮನೆ ಬರಿದಾಗೋಯ್ತದೆ.”

ಬೇಡ ಅನ್ನಬೇಕು. ಬೇಡ ಅಂದರೆ ಯಾಕೆಂದು ಹೇಳಬೇಕು. ಅಕ್ಕಿ ಡ್ರಮ್ಮಿನೊಳಗೆ ಸುರಿಯಿತು. ಯಾವ ಕಾಳು ಯಾವುದೆಂದು ಇನ್ನು ಯಾರೂ ಆರಿಸಲಾರರು.

ಮಹಡಿಯ ಕೂಗು ಅರ್ಧಕ್ಕೇ ನಿಂತಿತು. ಪುಟ್ಟ ಹೆಜ್ಜೆಗಳು ಮೆಟ್ಟಿಲಿಳಿದವು. ರಂಜಿತ ಎರಡೂ ಕೈ ಚಾಚಿದಳು. ಕಿಶನ್ ಆ ಕೈಗಳನ್ನು ಸವರಿಕೊಂಡೇ ಮುಂದೆ ಹೋದ. ನಿಲ್ಲಲಿಲ್ಲ. ಶ್ವೇತಳ ಮಗುವಿನ ಕೈ ಹಿಡಿದ. ಇಬ್ಬರೂ ಯುಟಿಲಿಟಿಯ ಬಾಗಿಲಿಗೆ ಹೋಗಿ ನಿಂತರು. ಒಳಗಿನಿಂದ ಹಾಲು ಹುಳಿತ ವಾಸನೆ ಬಂತು. ಸರ್, ಸರ್.

ಶ್ವೇತ ಮಡಿಲಕ್ಕಿಯನ್ನು ಎದೆಗೊತ್ತಿಕೊಂಡು ಮಕ್ಕಳನ್ನೇ ನೋಡುತ್ತಿದ್ದಳು. ಅವಳ ಮುಖ ತುಂಬಿಹೋಗಿತ್ತು.

“ನೋಡಿ ಅತ್ತಿಗೆ,” ಎಂದಳು. “ಒಬ್ಳೇ ತಾಯಿ ಮಕ್ಕಳಂಗೆ ನಿಂತವೆ.”