ಗ್ರೀಕ್ ಒಂದು ಬಾಕಿ

"ಫಿನ್‌ಲ್ಯಾಂಡಲ್ಲಿ ಮುತ್ತಿಗೆ ಹೆಲ್ಮಿ ಅಂತಾರಂತೆ."

ರುಖ್ಸಾರ್ ತಲೆ ಎತ್ತಲಿಲ್ಲ. ರೇಷ್ಮೆ ದಾರಕ್ಕೆ ಮುತ್ತು ಪೋಣಿಸಿ, ಗಂಟು ಬಿಗಿದು, ಆಮೇಲೆ ಹೇಳಿದಳು. "ಹೆಲ್ಮೆಟ್ ಇದ್ದಂಗಿದೆ, ಮೇಷ್ಟ್ರೇ."

"ಅಲ್ಲಿಯವರ ಕಿವಿಗೆ ಚೆನ್ನಾಗಿ ಕೇಳುತ್ತೆ ಕಣ್ರೀ."

"ನಿಮ್ಮ ಕಿವಿಗೆ?"

ಮುಬಶ್ಶಿರ್ ನಕ್ಕ. ನಗುವಾಗ ಅವನು ಎದುರಿನವರನ್ನು ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಟೀ ಲೋಟವನ್ನು ನೋಡುತ್ತಿದ್ದ. ಇದನ್ನು ಅವಳು ಮೊದಲ ವಾರವೇ ಗಮನಿಸಿದ್ದಳು.

ಯಲಹಂಕ ನ್ಯೂಟೌನಿನ ಆ ಆಭರಣ ಕಂಪನಿ ಮುತ್ತಿನ ಸರಗಳನ್ನು ಯುರೋಪಿಗೆ ಕಳಿಸುತ್ತಿತ್ತು. ಅವಳು ಸರ ಪೋಣಿಸುವವಳು. ಅವನು ವೆಬ್‌ಸೈಟಿನ ಕ್ಯಾಟಲಾಗ್ ಸಿದ್ಧಪಡಿಸುವವನು. ಜರ್ಮನ್ನರ ಪೆರ್ಲೆ, ಇಟಲಿಯವರ ಪೆರ್ಲಾ, ಡಚ್ಚರ ಪಾರೆಲ್, ಪೋರ್ಚುಗೀಸರ ಪೆರೊಲಾ. ಟೀ ಹೊತ್ತಿಗೆ ಒಂದೊಂದು ಪದ ಅವಳ ಮೇಜಿಗೆ ಬರುತ್ತಿತ್ತು. ಪಾಠ ಹೇಳುವವನಂತೆ ಬರುತ್ತಿದ್ದನೆಂದೇ ಅವಳು ಅವನನ್ನು ಮೇಷ್ಟ್ರು ಎನ್ನುತ್ತಿದ್ದಳು.

"ಎಲ್ಲಾ ಒಂದೇ ಹುಡುಗಿ, ದುಪಟ್ಟಾ ಮಾತ್ರ ಬೇರೆ," ಎಂದಿದ್ದಳು ಒಮ್ಮೆ.

"ಭಾಷೆಗಳೆಲ್ಲ ಮುಗಿದ ಮೇಲೆ ನಿಮಗೊಂದು ಮಾತು ಹೇಳ್ಬೇಕು."

"ಯಾವ ಭಾಷೇಲಿ?"

ಅವನ ಕಿವಿ ಕೆಂಪಾಗಿತ್ತು. ಆ ಮಾತು ಯಾವುದೆಂದು ಅವಳಿಗೆ ಅಂದೇ ತಿಳಿಯಿತು. ತಿಳಿದರೂ ಅವಳೇ ಮೊದಲು ಆಡುವಂತಿರಲಿಲ್ಲ. ಅವರಲ್ಲಿ ಸಂಬಂಧದ ಮಾತು ಗಂಡಿನ ಕಡೆಯಿಂದ ಬರಬೇಕು. ಅವನ ತಾಯಿ ಅವಳ ಮನೆಯ ಹೊಸ್ತಿಲು ದಾಟಿ ಬರಬೇಕು.

ಕ್ಯಾಟಲಾಗಿನ ಭಾಷೆಗಳು ಮುಗಿದವು. ಅವನು ನಿಲ್ಲಿಸಲಿಲ್ಲ. ಕಂಪನಿಗೆ ಬೇಡವಾದ ದೇಶಗಳನ್ನೂ ಹುಡುಕಿ ತಂದ. ಸರ್ಬಿಯಾದ ಬಿಸೆರ್. ರಷ್ಯದ ಝೆಮ್ಚುಗ್, ಅದು ಪೆರ್ಲಾ ಕುಟುಂಬದ್ದಲ್ಲ, ಪೂರ್ವದ ಭಾಷೆಗಳಿಂದ ಹೋದದ್ದು ಎಂದು ವಿವರಿಸಿದ. ಮೊದಮೊದಲು ಅವಳು ಖುಷಿಯಿಂದ ಕೇಳಿದಳು. ಆಮೇಲೆ ಪ್ರತಿ ಹೊಸ ಪದದ ಹಿಂದೆ ಅವನ ಅಂಜಿಕೆಯೇ ಕಾಣತೊಡಗಿತು.

ಶುಕ್ರವಾರ ಅವಳು ಹೇಳಿದಳು. "ಭಾನುವಾರ ಮಾಕಳಿಯಿಂದ ಗಂಡಿನ ಕಡೆಯವರು ಬರ್ತಿದಾರೆ."

ಲೋಟ ಅವನ ತುಟಿಯ ಬಳಿ ನಿಂತಿತು. "ನೋಡೋಕೆ ತಾನೆ?"

"ಹೂಂ. ನೋಡೋಕೆ."

"ನಮ್ಮಕ್ಕನ್ನ ನೋಡೋಕೆ ಮೂರು ಸಲ ಬಂದ್ರು. ಆಮೇಲೇನೇ ಸಕ್ಕರೆ ತಿನ್ಸಿ ಮಾತು ಪಕ್ಕಾ ಮಾಡಿದ್ದು."

ಅವನ ಮುಖ ಸಡಿಲವಾದದ್ದನ್ನು ಅವಳು ಕಂಡಳು. ಅವಳ ಮನೆತನದಲ್ಲಿ ನೋಡಲು ಬರುವವರು ಸಕ್ಕರೆ ಹಿಡಿದೇ ಬರುತ್ತಾರೆ. ಅದನ್ನು ತಿಂದರೆ ಮುಗಿಯಿತು, ಮಾತು ಕೊಟ್ಟಂತೆ. ಹೇಳಬಹುದಿತ್ತು. ಹೇಳಿದರೆ ಬೇಡಿದಂತಾಗುತ್ತಿತ್ತು.

"ಗ್ರೀಕ್ ಒಂದು ಬಾಕಿ ಇದೆ," ಎಂದ. "ಸೋಮವಾರ ಮುಗಿಸ್ತೀನಿ."

ಭಾನುವಾರ ಬೆಳಿಗ್ಗೆ ತಾಯಿ ನಜ್ಮುನ್ನೀಸಾ ಮಗಳ ಜಡೆ ಹೆಣೆಯುತ್ತ ಮೆಲ್ಲಗೆ ಕೇಳಿದರು. "ಬೇರೆ ಯಾರ ಮನೆಯಿಂದಾದ್ರೂ ಮಾತು ಬರೋದಿದ್ಯೇನಮ್ಮ? ಇದ್ರೆ ಈಗ್ಲೇ ಹೇಳು. ಫೋನ್ ಮಾಡಿ ಇವರಿಗೆ ಬರಬೇಡಿ ಅಂತೀನಿ."

ಹೇಳಲು ರುಖ್ಸಾರ್ ಏನೇನೋ ಹುಡುಕಿದಳು. ತಾಯಿಯ ಮುಂದಿಡಲು ಅವಳ ಬಳಿ ಇದ್ದದ್ದು ಮುತ್ತಿನ ಹೆಸರುಗಳಷ್ಟೇ. ಬಾಯಿ ಬಿಡಲಿಲ್ಲ. ಹೆಣ್ಣು ಬಾಯಿ ಬಿಡದಿದ್ದರೆ ಒಪ್ಪಿಗೆ ಎಂದೇ ತಿಳಿಯುತ್ತಾರೆ. ಮಧ್ಯಾಹ್ನ ಮಾಕಳಿಯಿಂದ ಬಂದ ಹೆಂಗಸು ಅವಳ ನಾಲಿಗೆಯ ಮೇಲೆ ಸಕ್ಕರೆ ಇಟ್ಟಳು.

ಸೋಮವಾರ ಮುಬಶ್ಶಿರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮೊದಲ ಸಲ ನೇರವಾಗಿ ಅವಳ ಕಣ್ಣನ್ನೇ ನೋಡಿದ.

"ಮಾರ್ಗರಿಟಾರಿ," ಎಂದ. "ಮುಗೀತು. ರಾತ್ರಿ ಅಮ್ಮಿಗೆ ಎಲ್ಲಾ ಹೇಳ್ದೆ. ಸಂಜೆ ನಿಮ್ಮನೇಗೆ ಬರ್ತಾರೆ."

"ನಿನ್ನೆ ಸಕ್ಕರೆ ತಿಂದೆ."

"ಮೊದಲ್ನೇ ಸಲಕ್ಕೇನಾ?"

"ನಮ್ಮನೇಲಿ ಒಂದೇ ಸಲ."

ಅವನು ಸ್ಟೂಲಿನ ಮೇಲೆ ಕುಳಿತುಬಿಟ್ಟ. "ಹೇಳ್ಬೇಕಿತ್ತಲ್ಲ ನೀವು."

"ಹೇಳ್ಬೇಕಾಗಿದ್ದು ಯಾರು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೆ ಬೇಕಾದ ಶಕ್ತಿ ನಿನ್ನೆಯೇ ಖರ್ಚಾಗಿತ್ತು. "ಈಗ ಆ ಮಾತು ಹೇಳಿ, ಮೇಷ್ಟ್ರೇ."

"ಈಗ್ಯಾಕೆ?"

"ಅದು ನಂದು. ಕೊಟ್ಬಿಡಿ."

ಅವನು ತಡವರಿಸಿದ. "ನಿಮ್ಮನ್ನ ಮದುವೆ ಆಗ್ಬೇಕು ಅಂತಿದ್ದೆ."

ಅವಳು ಪೂರ್ತಿ ಕೇಳಿಸಿಕೊಂಡಳು. "ಇಷ್ಟೇನಾ," ಎಂದಳು. "ಎಷ್ಟು ಸಣ್ಣ ಮಾತು."

ವಾಯುನೆಲೆಯಿಂದ ಎದ್ದ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಯಲಹಂಕದವರ ಅಭ್ಯಾಸದಂತೆ ಇಬ್ಬರೂ ಸದ್ದಡಗಲೆಂದು ಕಾದರು. ಸದ್ದಡಗಿತು. ರುಖ್ಸಾರ್ ಮುಂದಿನ ಮುತ್ತನ್ನು ದಾರಕ್ಕೆ ಪೋಣಿಸಿ ಗಂಟು ಬಿಗಿದಳು.