ತಣ್ಣಗಾದರೆ ಹಿಡಿಯುವ ಬ್ರೇಕು

ಪೆಡಲು ಒತ್ತಿದೆ.

ನೆಲದವರೆಗೂ ಹೋಯಿತು!

ಮತ್ತೆ ಒತ್ತಿದೆ. ಹತ್ತಿಯ ಮೂಟೆ ತುಳಿದ ಹಾಗೆ... ಏನೂ ಇಲ್ಲ! ಗಾಡಿ ಮಾತ್ರ ಇಳಿಜಾರಿನಲ್ಲಿ ಓಡುತ್ತಲೇ ಇತ್ತು. ಒಂದು ಬದಿಗೆ ಬಂಡೆ. ಇನ್ನೊಂದು ಬದಿಗೆ ಬರೀ ಮೋಡ. ಆ ಮೋಡದ ಕೆಳಗೆ ಏನಿದೆ ಎಂದು ಯುಂಗಾಸ್ ಕಣಿವೆಗೆ ಇಳಿಯುವ ಈ ರಸ್ತೆಯಲ್ಲಿ ಓಡಾಡುವವರು ಯಾರೂ ಕೇಳುವುದಿಲ್ಲ.

"ಹೋಯ್ತಾ?" ಪಕ್ಕದಲ್ಲಿದ್ದ ನಿಯೆವೆಸ್ ಕೇಳಿದಳು.

"ಹೋಯ್ತು."

"ನಾನು ಬಡ್ಕೊಳ್ಳಲಿಲ್ವಾ!"

"ಆಮೇಲೆ ಬೈರಿ ಅಕ್ಕಾ... ಈಗ ಗಟ್ಟಿಯಾಗಿ ಹಿಡ್ಕೊಳ್ಳಿ!"

ಗೇರು ಕೆಳಕ್ಕೆಳೆದೆ. ಎಂಜಿನ್ನು ಕಿರುಚಿಕೊಂಡಿತು. ಎದುರಿಗೆ ಕಿತ್ತಳೆ ತುಂಬಿದ ಲಾರಿ, ಏದುಸಿರು ಬಿಡುತ್ತಾ ಏರಿ ಬರುತ್ತಿತ್ತು. ಅದರ ಡ್ರೈವರ್ ಹಾರ್ನಿನ ಮೇಲೆ ಕೂತೇಬಿಟ್ಟಿದ್ದ. ನಾನು ಹ್ಯಾಂಡ್‌ಬ್ರೇಕು ಜಗ್ಗಿದೆ. ಹಿಂದಿನ ಚಕ್ರಗಳು ಜಾರಿದವು. ಸ್ಟೀರಿಂಗ್ ತಿರುಗಿಸಿ ಗಾಡಿಯನ್ನು ಬಂಡೆಗೇ ಉಜ್ಜಿಬಿಟ್ಟೆ.

ಕರಕರಕರ... ಕನ್ನಡಿ ಹಾರಿಹೋಯಿತು. ಬಾಗಿಲು ನೆಗ್ಗಿತು. ಕೊನೆಗೆ ಚರಂಡಿಗೆ ಒಂದು ಚಕ್ರ ಇಳಿದು ಗಾಡಿ ನಿಂತಿತು.

ಇಬ್ಬರೂ ಇಳಿದು ಕಲ್ಲಿನ ಮೇಲೆ ಕೂತೆವು. ನಿಯೆವೆಸ್ ಶಾಲಿನ ಗಂಟಿನಿಂದ ಕೋಕಾ ಎಲೆ ತೆಗೆದು ನನಗೂ ಕೊಟ್ಟಳು. ಜಗಿಯುತ್ತಾ ಕೂತೆವು.

ಬಾಯಲ್ಲಿದ್ದ ಎಲೆಯ ರಸ ಇಂಗುವ ಹೊತ್ತಿಗೆ ಎದ್ದು ಹೋಗಿ ಪೆಡಲು ಒತ್ತಿದೆ. ಕಲ್ಲಿನಂತೆ ಗಟ್ಟಿ! ಅದಕ್ಕೆ ಏನೂ ಆಗಿಯೇ ಇರಲಿಲ್ಲ ಎನ್ನುವ ಹಾಗೆ.

"ಪ್ರತಿ ಸಲಾನೂ ಹಿಂಗೇನೇ ತಾರ್ಕಿ," ಎಂದಳು ನಿಯೆವೆಸ್. "ಕೊಲ್ಲೋವಾಗ ಕೊಲ್ಲುತ್ತೆ. ಆಮೇಲೆ ಪಾಪದ ಹಸು ಥರ ನಿಂತ್ಕೊಳ್ಳುತ್ತೆ."

ಹಿಲಾರಿಯೊನ್ ತಾರ್ಕಿ ಎಂದರೆ ನಾನೇ. ಹಿಂದೆ ಟ್ರಾಫಿಕ್ ಪೊಲೀಸು. ಈಗ ಎಲ್ ಆಲ್ಟೊ ಊರಲ್ಲಿ ಕದ್ದ ಗಾಡಿ, ಓಡಿಹೋದ ಗಂಡ, ಸುಳ್ಳು ಸಾಕ್ಷಿ... ಇಂಥವನ್ನು ಹುಡುಕಿಕೊಡುವುದು ನನ್ನ ಕಸುಬು. ನಿಯೆವೆಸ್ ನನ್ನಿಂದ ಹುಡುಕಿಸಬೇಕೆಂದಿದ್ದು ಕೊಲೆಗಾರನನ್ನು.

ಈ ದೊಡ್ಡ ಗಾಡಿಯನ್ನು ಕೊಂಡಿದ್ದು ಅವಳ ಗಂಡ ಗ್ರೆಗೋರಿಯೊ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅತ್ತೆ ಎಲ್ಲರನ್ನೂ ತುಂಬಿಕೊಂಡು, ಕೆಳಗೆ ಯುಂಗಾಸ್‌ನಲ್ಲಿದ್ದ ಹಣ್ಣಿನ ತೋಟಕ್ಕೆ ಹೋಗಿಬರಲು. ಎರಡು ಸಲ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಿತು. ಎರಡು ಸಲವೂ ಮಕ್ಕಳು ಹಿಂದೆ ಕೂತಿದ್ದರು. ಹೇಗೋ ಬಚಾವಾದರು. ಮೂರನೆಯ ಸಲ ಗ್ರೆಗೋರಿಯೊ ಒಬ್ಬನೇ ಇದ್ದ. ಗಾಡಿ ಕಂದಕಕ್ಕೆ ಹೋಗುತ್ತದೆ ಎಂದುಕೊಂಡು ಬಾಗಿಲು ತೆಗೆದು ಹಾರಿದ.

ಗಾಡಿ ಬಂಡೆಗೆ ಗುದ್ದಿ ನಿಂತಿತು. ಗ್ರೆಗೋರಿಯೊ ಕಂದಕಕ್ಕೆ ಹೋದ.

ಮೆಕ್ಯಾನಿಕ್ ಸೆನೊನ್ ಪ್ಯಾಡು ಬದಲಾಯಿಸಿದ್ದ. ಪೈಪು ಬದಲಾಯಿಸಿದ್ದ. ಪೆಡಲಿನ ಬುಡದಿಂದ ಚಕ್ರದವರೆಗೆ ಅವನು ಬಿಚ್ಚದ ನಟ್ಟೇ ಇರಲಿಲ್ಲ. ಊರೊಳಗೆ ಎಷ್ಟು ಓಡಿಸಿದರೂ ಬ್ರೇಕು ಚಿನ್ನದಂತೆ ಹಿಡಿಯುತ್ತಿತ್ತು.

"ಗಾಡೀಲಿ ದೋಷ ಇಲ್ಲ ಅಂದ್ಮೇಲೆ ಮನುಷ್ಯನಲ್ಲಿದೆ," ಎಂದಿದ್ದಳು ನಿಯೆವೆಸ್. "ನನ್ನ ಮೈದುನ ರೋಮುಲೊ! ತೋಟ ತನಗೇ ಬೇಕು ಅಂತ ಅಣ್ಣನ ಜೊತೆ ದಿನಾ ಜಗಳ. ಒಂದೇ ಅಂಗಳ. ಇಪ್ಪತ್ನಾಲ್ಕು ಗಂಟೆನೂ ಗಾಡಿ ಅವನ ಕಣ್ಮುಂದೆ. ಅವನೇ! ನನ್ನ ಮಕ್ಕಳೂ ಸಾಯೋಕೆ ಮುಂಚೆ ಹಿಡ್ಕೊಡು."

ಸರಿ ಎಂದೆ. ಸೆನೊನ್ ಕೈಯಿಂದ ಎಲ್ಲ ಹೊಸದು ಹಾಕಿಸಿದೆ. ಆಮೇಲೆ ಅದೇ ಗಾಡಿಯಲ್ಲಿ ಮಲಗಿದೆ, ಅದರಲ್ಲೇ ಉಂಡೆ, ಅಂಗಳದಲ್ಲಿ ಎರಡು ವಾರ ನಾಯಿಯಂತೆ ಕಾದೆ. ಒಬ್ಬರೂ ಹತ್ತಿರ ಬರಲಿಲ್ಲ. ಒಬ್ಬರೂ ಮುಟ್ಟಲಿಲ್ಲ. ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತಿದ್ದೆ!

ಹಾಗೆ ಕಾದ ಗಾಡಿಯನ್ನೇ ನಾನು ಆವತ್ತು ಇಳಿಜಾರಿಗೆ ತಂದಿದ್ದು. ನಾಲ್ಕನೆಯ ಸಲ. ಬಂಡೆಗೆ ಉಜ್ಜಿ ನಿಂತಿದ್ದು.

ತಲೆ ಕೆಟ್ಟುಹೋಯಿತು.

ಎಲ್ ಆಲ್ಟೊಗೆ ಹಿಂದಿರುಗಿದ ಮೇಲೆ ಸೆನೊನ್‌ಗೆ ಒಂದೇ ಮಾತು ಹೇಳಿದೆ. "ಗಾಡಿಯ ಮೈಯಷ್ಟೇ ನೆಟ್ಟಗೆ ಮಾಡು. ಬ್ರೇಕು ಮುಟ್ಟಬೇಡ. ಅದು ಸಾಕ್ಷಿ."

ಅವನು ಬಾಗಿಲು ಬಡಿದು ನೇರ ಮಾಡಿಕೊಟ್ಟ. ಗಾಡಿ ಮತ್ತೆ ಅಂಗಳಕ್ಕೆ ಬಂತು. ಹೇಗೆ ಮಾಡಿದನೋ ಗೊತ್ತಿಲ್ಲ, ಆದರೆ ಉಳಿದಿದ್ದು ಒಂದೇ ಹೆಸರು. ನಾನು ರೋಮುಲೊನನ್ನು ಹುಡುಕಿಕೊಂಡು ಹೊರಟೆ.

ಬೆಳಿಗ್ಗೆ ಬೀದಿ ತಿರುವಿನಲ್ಲಿ ಸೂಪು ಕುಡಿಯುತ್ತಾ ಕೂತಿದ್ದ. ತೆಳ್ಳಗಿನ ಆಸಾಮಿ. ಹಿಂದೆ ಬಸ್ಸು ಓಡಿಸುತ್ತಿದ್ದವನು. ಅವನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎದುರಿಗೆ ಕೂತೆ.

"ಬ್ರೇಕಿಗೆ ಏನು ಮಾಡ್ದೆ?"

"ಸೂಪು ಕುಡಿಯೋಕೆ ಬಿಡಿ."

"ಅಣ್ಣನ್ನ ಯಾಕೆ ಕೊಂದೆ?"

"ಆ ಬ್ರೇಕು ಚೆನ್ನಾಗೇ ಇದೆ ಮಾರಾಯ್ರೆ! ನಮ್ಮಣ್ಣನಿಗೆ ಓಡಿಸೋಕೆ ಬರ್ತಿರ್ಲಿಲ್ಲ, ಅಷ್ಟೇ. ನಾನು ಅದೇ ರಸ್ತೇಲಿ ಬಸ್ಸು ಬಿಟ್ಟೋನು. ನನ್ನ ಕೈಗೆ ಕೊಡಿ, ಕಣ್ಣು ಮುಚ್ಕೊಂಡು ಇಳಿಸ್ತೀನಿ."

"ತಲೆ ಎತ್ತಿ ನೋಡು."

ನೋಡಿದ. ಮೇಲೆ ವಿದ್ಯುತ್ ಕಂಬಕ್ಕೆ ಹಳೇ ಪ್ಯಾಂಟು ತೊಡಿಸಿದ ಬೊಂಬೆಯೊಂದನ್ನು ನೇಣು ಹಾಕಿದ್ದರು. ನಮ್ಮ ಬಡಾವಣೆಗಳಲ್ಲಿ ಕಳ್ಳರಿಗೆ ಎಚ್ಚರಿಕೆ ಕೊಡುವ ರೀತಿ ಇದು. ಪೊಲೀಸರು ಬರುವ ಮೊದಲು ಬೀದಿಯವರೇ ಬರುತ್ತಾರೆ ಎಂದು ಅರ್ಥ.

"ಇವತ್ತು ಬಡಾವಣೆ ಸಭೆ ಇದೆ," ಎಂದೆ. "ನೀನಾಗೇ ಒಪ್ಕೊಂಡ್ರೆ ಪೊಲೀಸು. ಇಲ್ಲಾಂದ್ರೆ ನಿನ್ನ ಹೆಸರು ಅಲ್ಲಿ ಹೇಳ್ತೀನಿ. ಸಾಕ್ಷಿ ನನ್ನ ಹತ್ತಿರ ಇದೆ."

ಸಾಕ್ಷಿ ಇರಲಿಲ್ಲ. ಸುಳ್ಳು ಹೇಳಿದೆ. ಈ ಕಸುಬಿನಲ್ಲಿ ಅದು ಮಾಮೂಲಿ... ಹೆದರಿದವನು ಬಾಯಿ ಬಿಡುತ್ತಾನೆ.

ರೋಮುಲೊ ಬಾಯಿ ಬಿಡಲಿಲ್ಲ. ಬಟ್ಟಲಿನ ಸೂಪನ್ನು ನನ್ನ ಮುಖಕ್ಕೆ ಎರಚಿ ಓಡಿದ!

ಕಣ್ಣು ಉರಿಯುತ್ತಿತ್ತು. ಒರೆಸಿಕೊಂಡು ಬೆನ್ನಟ್ಟಿದೆ. ಅವನು ತರಕಾರಿ ಬುಟ್ಟಿ ಹಾರಿದ. ನಾನು ಬುಟ್ಟಿಯೊಳಕ್ಕೇ ಬಿದ್ದೆ. ಮಾರುವವಳು ನನ್ನ ಏಳು ತಲೆಮಾರನ್ನೂ ನೆನೆದಳು. ಎದ್ದು ಅಂಗಳ ತಲುಪುವಷ್ಟರಲ್ಲಿ ಗೇಟು ತೆರೆದಿತ್ತು... ಗಾಡಿ ಹೊರಗೆ ಹಾರಿತು. ಸ್ಟೀರಿಂಗ್ ಹಿಂದೆ ರೋಮುಲೊ!

ಓಡಿಹೋಗುತ್ತಾನೆ ಎಂದರೆ ತಪ್ಪಿತಸ್ಥ. ಮನಸ್ಸಿನಲ್ಲೇ ಕೇಸು ಮುಗಿಸಿಬಿಟ್ಟೆ.

ಅಂಗಳದಲ್ಲಿ ನಿಯೆವೆಸ್‌ಳ ತಾಯಿ, ಬಾಸಿಲಿಯಾ ಅಜ್ಜಿ ಒಬ್ಬಳೇ ನಿಂತಿದ್ದಳು. ಎಂಬತ್ತು ದಾಟಿದ ಜೀವ. ಕೈಯಲ್ಲಿ ಬಾಟಲು, ಬಣ್ಣದ ಕಾಗದದ ಚೂರುಗಳು. ಅವತ್ತು ಶುಕ್ರವಾರ.

"ಎಲ್ಲಿಗೆ ಹೋದ ಅಜ್ಜೀ?"

"ತೋಟಕ್ಕೆ ಅಂದ. ಗಾಬರಿಲಿದ್ದ ಪಾಪ. ಏನೂ ಆಗಲ್ಲ ಬಿಡು ಮಗಾ. ಈಗಷ್ಟೇ ಗಾಡಿಗೆ ಕುಡಿಸಿದ್ದೆ."

ಚಾಲ್ಯಾ ಗೊತ್ತಲ್ಲ? ಮನೆ, ಅಂಗಡಿ, ಗಾಡಿ... ಯಾವುದಾದರೂ ಸರಿ, ಪಾಚಮಾಮಾಗೆ, ಅಂದರೆ ಭೂತಾಯಿಗೆ, ಮೊದಲ ಗುಟುಕು ಸುರಿದು ಬೇಡಿಕೊಳ್ಳುವುದು. ಮಂಗಳವಾರ, ಶುಕ್ರವಾರ ತಪ್ಪದೆ. ನಾನು ಕಾವಲಿದ್ದಾಗಲೂ ಅಜ್ಜಿ ಬಂದಿದ್ದಳು. ನಾಲ್ಕು ಚಕ್ರಕ್ಕೂ ಬಿಯರು ಚೆಲ್ಲಿದ್ದಳು. ಅವಳ ಕೈ ಎಟಕದೆಂದು ಬಾನೆಟ್ಟು ಎತ್ತಿಕೊಟ್ಟವನು ನಾನೇ. ಟೊಪ್ಪಿ ತೆಗೆದು, ತಲೆ ತಗ್ಗಿಸಿ, ನನ್ನ ಪಾಲಿನ ಗುಟುಕನ್ನು ನೆಲಕ್ಕೆ ಸುರಿದಿದ್ದೆ. ಯಾರೂ ಗಾಡಿ ಮುಟ್ಟಲಿಲ್ಲ ಎಂದು ಆಣೆ ಮಾಡುವಾಗ ಇದು ನನ್ನ ನೆನಪಿಗೇ ಬಂದಿರಲಿಲ್ಲ. ದೇವರಿಗೆ ಕೈ ಮುಗಿಯುವುದನ್ನು ಯಾರಾದರೂ ಮುಟ್ಟುವುದು ಎನ್ನುತ್ತಾರೆಯೇ?

ಅಜ್ಜಿಯ ಕೈಯಲ್ಲಿದ್ದ ಬಾಟಲನ್ನೇ ನೋಡಿದೆ.

"ಅಜ್ಜೀ... ಗಾಡಿಗೆ ಕುಡಿಸ್ದೆ ಅಂದ್ಯಲ್ಲ. ಎಲ್ಲಿ?"

"ಬಾಯಿಗೆ."

"ಗಾಡಿಗೆಲ್ಲಿ ಬಾಯಿ?"

"ಒಳಗೆ ಒಂದು ಬಿಳಿ ಬಟ್ಟಲಿದೆಯಲ್ಲ, ಕರೀ ಮುಚ್ಚಳದ್ದು. ಬೇರೆಯವರು ಹೊರಗೇ ಚೆಲ್ಲಿ ಹೋಗ್ತಾರೆ. ಅದಕ್ಕೇ ಅವರ ಗಾಡಿಗೆ ಬಾಯಾರಿಕೆ. ನಾನು ಒಳಗೇ ಕುಡಿಸ್ತೀನಿ. ಮೊದಲ ಸಲ ಬ್ರೇಕು ಹೋದ್ಮೇಲೆ ಇನ್ನೂ ಜಾಸ್ತಿ ಕುಡಿಸ್ದೆ. ಅಳಿಯ ಹೋದ್ಮೇಲಂತೂ ಒಂದು ವಾರಾನೂ ತಪ್ಪಿಸಿಲ್ಲ."

ಆ ಬಿಳಿ ಬಟ್ಟಲು ಬ್ರೇಕ್ ಎಣ್ಣೆಯದು! ಸೆನೊನ್‌ಗೆ ಫೋನು ಹಚ್ಚಿದೆ.

"ಬ್ರೇಕ್ ಎಣ್ಣೆಗೆ ಬಿಯರು ಬಿದ್ರೆ ಏನಾಗುತ್ತೆ?"

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು.

"ಬಿಯರೋ ನೀರೋ, ಎಲ್ಲಾ ಒಂದೇ ಗುರೂ. ಊರಲ್ಲಿ ಏನೂ ಗೊತ್ತಾಗಲ್ಲ. ಉದ್ದ ಇಳಿಜಾರಲ್ಲಿ ಬ್ರೇಕು ಕಾಯುತ್ತಲ್ಲ, ಆಗ ಒಳಗೆ ನೀರು ಕುದ್ದು ಆವಿ ಆಗುತ್ತೆ. ಪೆಡಲು ಆವೀನ ಒತ್ತುತ್ತೆ, ಬ್ರೇಕನ್ನಲ್ಲ. ತಣ್ಣಗಾದ್ರೆ..."

"ಮತ್ತೆ ಹಿಡಿಯುತ್ತೆ."

"ಅಯ್ಯೋ ದೇವರೇ! ಪ್ರತಿ ಸಲ ಬಾನೆಟ್ ತೆಗೆದಾಗ ಬಿಯರ್ ವಾಸನೆ ಹೊಡೀತಿತ್ತು! ಎಲ್ಲರ ಗಾಡೀಲೂ ಹೊಡೆಯುತ್ತಲ್ಲ ಅಂತ ಸುಮ್ನಿದ್ದೆ..."

ಫೋನು ಕಟ್ಟು ಮಾಡಿ ಬೀದಿಗೆ ಓಡಿದೆ. ಸಿಕ್ಕ ಟ್ಯಾಕ್ಸಿಗೆ ನುಗ್ಗಿದೆ.

"ಯುಂಗಾಸ್ ರಸ್ತೆ! ತುಳಿ!"

ಊರು ದಾಟಿದೆವು. ಘಾಟಿಯ ನೆತ್ತಿ ದಾಟಿದೆವು. ಅಲ್ಲಿಂದ ಮುಂದೆ ಬರೀ ಇಳಿಜಾರು. ರೋಮುಲೊಗೆ ಫೋನು ಮಾಡುತ್ತಲೇ ಇದ್ದೆ. ಎತ್ತಲಿಲ್ಲ. ಎತ್ತಲಿಲ್ಲ. ಎತ್ತಿದ!

"ರೋಮುಲೊ! ಗಾಡಿ ನಿಲ್ಸು! ಈಗಲೇ ಗೇರು ಇಳಿಸಿ ಬದಿಗೆ ನಿಲ್ಸು! ಬ್ರೇಕು ಹೋಗುತ್ತೆ!"

"ಹ್ಹಹ್ಹ! ನಿಲ್ಸಿದ್ರೆ ಬಂದು ಹಿಡ್ಕೊಳ್ತೀಯಾ?"

"ನೀನು ಏನೂ ಮಾಡಿಲ್ಲ, ನನಗೆ ಗೊತ್ತಾಯ್ತು! ತಪ್ಪು ನಿಂದಲ್ಲ!"

"ಬೆಳಿಗ್ಗೆ ಸಾಕ್ಷಿ ಇದೆ ಅಂದೆ. ಈಗ ತಪ್ಪಿಲ್ಲ ಅಂತೀಯ. ಯಾವುದಯ್ಯಾ ಸುಳ್ಳು?"

"ಬೆಳಗ್ಗಿಂದು! ನಮ್ಮಪ್ಪನಾಣೆ ಬೆಳಗ್ಗಿಂದು!"

"ಪೊಲೀಸ್ ಬುದ್ಧಿ ನನ್ಹತ್ರ ಬೇಡ. ಬ್ರೇಕು ಕಲ್ಲಿನ ಹಂಗಿದೆ. ನೋಡು, ಈಗಲೂ ಒತ್ತಿ..."

ಮಾತು ನಿಂತಿತು. ಎಂಜಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಬೇರೆಯದೇ ದನಿಯಲ್ಲಿ, ತೀರಾ ಮೆಲ್ಲಗೆ, "ತಾರ್ಕಿ... ಹೋಯ್ತು," ಎಂದ.

"ಬಂಡೆಗೆ ಉಜ್ಜು! ರೋಮುಲೊ, ಬಂಡೆ ಕಡೆಗೆ!"

"ಬಸ್ಸು ಬರ್ತಿದೆ... ಜನ ಇದ್ದಾರೆ..."

ಅಷ್ಟೇ.

ನಾವು ತಲುಪಿದಾಗ ಬಸ್ಸಿನವರು ರಸ್ತೆಯಲ್ಲಿ ಇಳಿದು ನಿಂತಿದ್ದರು. ಎಲ್ಲರೂ ಸುರಕ್ಷಿತ. ಗಾಡಿಯವನು ಕೊನೇ ಗಳಿಗೆಯಲ್ಲಿ ಮೋಡದ ಕಡೆಗೆ ತಿರುಗಿಸಿದ ಎಂದರು. ಕೆಳಗೆ ನೋಡಿದೆ. ಏನೂ ಕಾಣಲಿಲ್ಲ. ಅಲ್ಲೇ ರಸ್ತೆಯಂಚಿನಲ್ಲಿ ಕೂತು ಅತ್ತೆ. ಟ್ಯಾಕ್ಸಿಯವನು ಮುಖ ತಿರುಗಿಸಿಕೊಂಡ.

ರೋಮುಲೊನನ್ನು ಮಣ್ಣು ಮಾಡಿದ ಮೇಲೆ ನಿಯೆವೆಸ್ ನನ್ನನ್ನು ಕರೆಸಿದಳು. ಅಂಗಳದಲ್ಲಿ ಇನ್ನೊಂದು ಗಾಡಿ ನಿಂತಿತ್ತು. ಹಳೆಯದೇ, ಆದರೆ ದೊಡ್ಡದು. ತೋಟದ ಹಣ್ಣು ಕೊಳೆಯುತ್ತಿತ್ತು. ನಾಳೆ ಮಕ್ಕಳ ಜೊತೆ ಇಳಿಯುತ್ತಾಳಂತೆ.

"ತಾನು ತೋಡಿದ ಗುಂಡೀಲಿ ತಾನೇ ಬಿದ್ದ," ಎಂದಳು. "ಇನ್ನು ನೆಮ್ಮದಿ."

"ಅವನಲ್ಲ ಅಕ್ಕಾ."

ಹೇಳಿದೆ. ಬಿಳಿ ಬಟ್ಟಲು, ಬಿಯರು, ಶುಕ್ರವಾರ, ಸೆನೊನ್ ಹೇಳಿದ್ದು... ಎಲ್ಲ. ಕೊನೆಯ ಮಾತು ಮುಗಿಯುವ ಮೊದಲೇ ಕೆನ್ನೆಗೆ ಬಿತ್ತು.

"ನನ್ನ ಅವ್ವನ ಹೆಸರೆತ್ತಿದ್ರೆ ನಾಲಿಗೆ ಕೀಳ್ತೀನಿ! ನನ್ನ ಗಂಡನ್ನ ನನ್ನ ಅವ್ವ ಕೊಂದ್ಳಾ? ನಾನು ಅವಳ ಕೈಲಿ ಊಟ ಮಾಡೋದು ಬೇಡ್ವಾ? ಕೊಲೆಗಾರ ಸತ್ತ. ಮುಗೀತು. ನಡಿ ಆಚೆಗೆ!"

ಅವಳ ಕಣ್ಣು ನೋಡಿದೆ. ನನ್ನ ಮಾತು ನಂಬಿದ್ದಳು. ನಂಬಿದ್ದರಿಂದಲೇ ಹೊಡೆದಿದ್ದಳು. ಆದರೆ ಇನ್ನೆಂದೂ ಒಪ್ಪುವುದಿಲ್ಲ.

ಗೇಟಿನ ಹತ್ತಿರ ಬಾಸಿಲಿಯಾ ಅಜ್ಜಿ ಬಾಟಲು ಹಿಡಿದು ಬರುತ್ತಿದ್ದಳು. ಹೊಸ ಗಾಡಿಯ ಕಡೆಗೆ. ನಿಜ ಹೇಳಿದರೆ ಈ ಜೀವ ಈಗಲೇ ಹೋಗುತ್ತದೆ. ಹೇಳದಿದ್ದರೆ ಆ ಇಬ್ಬರು ಹೆಣ್ಣುಮಕ್ಕಳದು.

"ಬಂದ್ಯಾ ಮಗಾ? ಬಾನೆಟ್ಟು ಎತ್ತು. ಆ ಗಾಡಿಗೆ ನಾನು ಕೊಟ್ಟಿದ್ದು ಸಾಲಲಿಲ್ಲ ಅನ್ಸುತ್ತೆ. ಇದಕ್ಕೆ ಹೊಟ್ಟೆ ತುಂಬಾ ಕೊಡ್ತೀನಿ."

ತಲೆಗೆ ಹೊಳೆದ ಒಂದೇ ಸುಳ್ಳನ್ನು ಹೇಳಿದೆ.

"ಬೇಡ ಅಜ್ಜೀ. ಇದರ ಹಳೇ ಯಜಮಾನರು ದಿನಾ ಬೈಬಲ್ ಓದೋ ಪಂಗಡದವರು. ಅವರೂ ಕುಡೀತಿರ್ಲಿಲ್ಲ, ಗಾಡಿಗೂ ಅಭ್ಯಾಸ ಇಲ್ಲ. ಬಾಯಿಗೆ ಬಿಯರು ಹಾಕಿದ್ರೆ ಪಾಪ ಬರುತ್ತೆ."

ಅಜ್ಜಿ ನಿಂತಳು. ಯೋಚಿಸಿದಳು. ಬಾಟಲನ್ನು ನನ್ನ ಕೈಗೆ ಕೊಟ್ಟಳು. ನಾನು ಉಸಿರು ಬಿಟ್ಟೆ.

"ಅಯ್ಯೋ ಪಾಪ," ಎಂದು ಅಜ್ಜಿ ಬಾನೆಟ್ಟನ್ನು ಮೆಲ್ಲಗೆ ಸವರಿದಳು. "ಹಂಗಾದ್ರೆ ಬರೀ ನೀರು ಕುಡಿಸ್ತೀನಿ ಬಿಡು."